ಸುಬ್ಬಮ್ಮನ ಒಂದು ಪುಟ

ನಾಲ್ಕು ನೋಟ್‌ಬುಕ್ಕು ತುಂಬ ಕಾದಂಬರಿ ಬರೆಯುವುದು ಸುಬ್ಬಮ್ಮನಿಗೆ ಕಷ್ಟವಾಗಿರಲಿಲ್ಲ. ಆ ಕಾದಂಬರಿಯ ಬಗ್ಗೆ ಒಂದೇ ಒಂದು ಪುಟದ ಕಾಗದ ಬರೆಯುವುದರೊಳಗೆ ಮಾತ್ರ ಅವಳ ಜೀವ ಬಾಯಿಗೆ ಬಂತು. ಕಾದಂಬರಿ ಬರೆದ ಮೂರು ವರ್ಷವೂ ಯಾರೂ ಅಡ್ಡ ಬಂದಿರಲಿಲ್ಲ. ಪಾಂಡವಪುರದ ಆ ಮನೆಯ ಮುಂದಿನ ಕೋಣೆಯೇ ಅವರ ಚಿನ್ನದ ಕೆಲಸದ ಅಂಗಡಿ. ಮಧ್ಯಾಹ್ನ ಉಂಡು ಗಂಡ ರಾಮಚಂದ್ರಾಚಾರಿಯೂ ಮಗ ಸುರೇಂದ್ರನೂ ಅಂಗಡಿಗೆ ಹೋಗಿ ಕೂತ ಮೇಲೆ ಅವಳು ಪಾತ್ರೆ ತೊಳೆದಿಟ್ಟು, ಅಂಗಡಿಗೆ ಹೊಂದಿಕೊಂಡ ಅಡುಗೆಮನೆಯ ಗೋಡೆಗೆ ಒರಗಿಕೊಂಡು ಬರೆಯುತ್ತಿದ್ದಳು. ಮನೆಯವರು ರಾಮಕೋಟಿ ಬರೆಯುತ್ತಿದ್ದಾಳೆ ಎಂದುಕೊಂಡು ಸುಮ್ಮನಿದ್ದರು. ಅಲ್ಲ ಎಂದು ಹೇಳಲು ಅವಳಿಗೂ ಅವಸರವಿರಲಿಲ್ಲ.

ಬರೆದದ್ದು ರಾಮನಾಮವಲ್ಲ, ಗೂಢಚಾರರ ಕತೆ. ಪೊಲೀಸರು ಇಬ್ಬರನ್ನು ಹಿಡಿದು ಒಂದು ಕೋಣೆಯಲ್ಲಿ ಕೂಡಿಹಾಕಿರುತ್ತಾರೆ. ಅವರು ತಮ್ಮತಮ್ಮಲ್ಲಿ ಆಡುವ ಮಾತು ಯಾರಿಗೂ ಅರ್ಥವಾಗುವುದಿಲ್ಲ. ಅದನ್ನು ಬಲ್ಲವಳು ವೇದಾವತಿ ಎಂಬ ಒಬ್ಬ ಗೃಹಿಣಿ ಮಾತ್ರ. ಅವಳನ್ನು ಕರೆತಂದು ಗೋಡೆಯ ಹಿಂದೆ ಕೂರಿಸಿ ಕೇಳಿಸುತ್ತಾರೆ. ಅಲ್ಲಿಂದ ಮುಂದೆ ವೇದಾವತಿ ಪಡುವ ಪಾಡು, ಮಾಡುವ ಸಾಹಸ ಎಲ್ಲ ಸೇರಿ ಎಂಟುನೂರು ಪುಟ. ಸುಬ್ಬಮ್ಮನಿಗೆ ಅರವತ್ತು ದಾಟಿತ್ತು, ಓದಿದ್ದು ಎಸ್ಸೆಸ್ಸೆಲ್ಸಿ, ಊರು ಬಿಟ್ಟು ಹೋದದ್ದೆಂದರೆ ಧರ್ಮಸ್ಥಳಕ್ಕೆ ಮೂರು ಸಲ. ಆದರೂ ಬರೆದಿದ್ದಳು, ಅದೂ ಚೆನ್ನಾಗಿಯೇ ಬರೆದಿದ್ದೇನೆಂದು ಅವಳಿಗೆ ಗೊತ್ತಿತ್ತು.

ತೊಂದರೆ ಶುರುವಾದದ್ದು ಭಾನುವಾರದ ಪೇಪರಿನಿಂದ. ಮೈಸೂರಿನ ಪ್ರಕಾಶನವೊಂದು ಹೊಸಬರ ಕಾದಂಬರಿಗಳನ್ನು ತರುವುದಾಗಿ ಜಾಹೀರಾತು ಹಾಕಿತ್ತು. ಹಸ್ತಪ್ರತಿ ಕಳಿಸಬೇಡಿ, ಒಂದು ಪುಟದ ಕಾಗದ ಕಳಿಸಿ, ಅದು ಹಿಡಿಸಿದರೆ ನಾವೇ ಹಸ್ತಪ್ರತಿ ತರಿಸಿಕೊಳ್ಳುತ್ತೇವೆ ಎಂದಿತ್ತು. ಕಾಗದದಲ್ಲಿ ಮೂರು ವಿಷಯ ಇರಬೇಕು: ಕತೆ ಏನು, ನೀವು ಯಾರು, ಈ ಕತೆಯನ್ನು ನೀವೇ ಏಕೆ ಬರೆಯಬೇಕು. ತಿಂಗಳ ಕೊನೆಯ ದಿನ ಸಂಜೆ ಐದಕ್ಕೆ ಗಡುವು, ಅದೂ ಇ-ಮೇಲಿನಲ್ಲಿ. ಇ-ಮೇಲು ಎಂದಮೇಲೆ ಸೊಸೆಗೆ ಹೇಳದೆ ಗತ್ಯಂತರವಿರಲಿಲ್ಲ.

ಸೊಸೆ ಯಶಸ್ವಿನಿ ಶ್ರೀರಂಗಪಟ್ಟಣದ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸಕ್ಕಿದ್ದಳು. ನಾಗಮಂಗಲದ ಹುಡುಗಿ, ಕೆಲಸದಲ್ಲೂ ಚುರುಕು, ಬಾಯಲ್ಲೂ ಚುರುಕು. ಅತ್ತೆ ಕಾದಂಬರಿ ಬರೆದಿದ್ದಾಳೆಂದು ಕೇಳಿ ಅವಳು ಹಿಗ್ಗಿದ್ದು ನಿಜ. ಆದರೆ ಆ ಹಿಗ್ಗಿನಲ್ಲಿ ರಾತ್ರಿ ಊಟಕ್ಕೆ ಕೂತಾಗ ಮನೆಗೆಲ್ಲ ಡಂಗುರ ಹೊಡೆದು, ಅತ್ತೆ ಬರೆದು ಕೊಟ್ಟಿದ್ದ ಮೊದಲ ಕಾಗದವನ್ನು ಗಟ್ಟಿಯಾಗಿ ಓದಿಬಿಟ್ಟಳು. ಸುಬ್ಬಮ್ಮ ಸಾರಿನ ಸೌಟು ಹಿಡಿದುಕೊಂಡು, ಪರೀಕ್ಷೆಯ ಫಲಿತಾಂಶ ಕೇಳುವವಳಂತೆ ನಿಂತಳು.

ಸುರೇಂದ್ರನಿಗೆ ನಗು ಬಂತು, ಪುಣ್ಯಕ್ಕೆ ಅದನ್ನು ಮುದ್ದೆಯ ಜೊತೆ ನುಂಗಿಕೊಂಡ. ಆಮೇಲೆ ಗಂಭೀರವಾಗಿ ಸಲಹೆ ಕೊಟ್ಟ. ಮೇಲೆ 'ಇವರಿಂದ', ಕೆಳಗೆ 'ಇವರಿಗೆ' ಇರಬೇಕು, 'ವಿಷಯ' ಅಂತ ಒಂದು ಸಾಲು ಇರಬೇಕು, ಕೊನೆಗೆ 'ತಮ್ಮ ವಿಧೇಯ' ಅಂತ ಬರೆದು ಸಹಿ ಹಾಕಬೇಕು ಎಂದ. ಟ್ರಾನ್ಸ್‌ಫಾರ್ಮರು ಸುಟ್ಟುಹೋದಾಗ ಕರೆಂಟಿನವರಿಗೆ ಅವನು ಬರೆದ ಅರ್ಜಿ ಹಾಗೇ ಇತ್ತು, ಕೆಲಸವೂ ಆಗಿತ್ತು. ರಾಮಚಂದ್ರಾಚಾರಿ ಮಾತ್ರ ಇನ್ನೊಂದು ಸೌಟು ಸಾರು ಹಾಕಿಸಿಕೊಂಡ. ಕೈ ತೊಳೆದು ಬಂದವನು, ಇಷ್ಟು ದಿನ ನೀನು ಬರೆಯುತ್ತಿದ್ದದ್ದು ರಾಮಕೋಟಿಯಲ್ಲವೋ ಎಂದು ಕೇಳಿದ. ಅವನಿಗೆ ಬೇಸರವಾದದ್ದು ಕಾದಂಬರಿಯಿಂದಲ್ಲ, ಮನೆಗೆ ಬಂತೆಂದುಕೊಂಡಿದ್ದ ಪುಣ್ಯ ಬರಲಿಲ್ಲವಲ್ಲ ಎಂಬುದರಿಂದ.

ಎರಡನೆಯ ವಾರ ಸುಬ್ಬಮ್ಮ ಕಾಗದವನ್ನು ನಾಲ್ಕು ಸಲ ಬದಲಾಯಿಸಿದಳು. ಒಂದು ಪುಟಕ್ಕೆ ಎಂಟುನೂರು ಪುಟ ಹಿಡಿಸಲಿಲ್ಲ. ಕತೆ ಹೇಳಹೊರಟರೆ ಎರಡನೆಯ ನೋಟ್‌ಬುಕ್ಕಿಗೆ ಬರುವಷ್ಟರಲ್ಲಿ ಪುಟ ಮುಗಿಯುತ್ತಿತ್ತು. ಕತೆ ಚಿಕ್ಕದು ಮಾಡಿದರೆ ಅದು ಯಾರು ಬೇಕಾದರೂ ಬರೆದಿರಬಹುದಾದ ಕತೆಯಾಗುತ್ತಿತ್ತು. ಉಪ್ಪಿಟ್ಟು ತಳ ಹಿಡಿಯಿತು, ಹಾಲು ಉಕ್ಕಿ ಒಲೆ ಕೊಳೆಯಾಯಿತು, ಮಗ ಎರಡು ದಿನ ಮಸಿಬಟ್ಟೆಯ ವಾಸನೆಯ ಕಾಫಿ ಕುಡಿದ. ಯಶಸ್ವಿನಿ ಬೆಳಿಗ್ಗೆ ಏಳೂವರೆ ಬಸ್ಸಿಗೆ ಓಡುವ ಮುಂಚೆ ಒಂದು ತಿದ್ದುಪಡಿ, ಸಂಜೆ ಬಂದು ಕೈಕಾಲು ತೊಳೆಯುವ ಮುಂಚೆ ಇನ್ನೊಂದು ತಿದ್ದುಪಡಿ ಹೇಳುತ್ತಿದ್ದಳು. ಬೆಳಗಿನದಕ್ಕೂ ಸಂಜೆಯದಕ್ಕೂ ತಾಳಮೇಳ ಇರುತ್ತಿರಲಿಲ್ಲ.

ಕೊನೆಗೆ ಸುರೇಂದ್ರನೇ ಒಂದು ದಾರಿ ಹೇಳಿದ. ಅವನಿಗೆ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟ ಧರ್ಮೇಂದ್ರ ಮೇಷ್ಟ್ರು ಈಗ ರಿಟೈರಾಗಿ ಕೆ.ಆರ್.ಪೇಟೆಯಲ್ಲಿ ಮನೆ ಕಟ್ಟಿಕೊಂಡಿದ್ದರು. ಎರಡು ಕವನ ಸಂಕಲನ ತಂದಿದ್ದರು, ಸಭೆಗಳಲ್ಲಿ ಶಾಲು ಹೊದಿಸಿಕೊಂಡಿದ್ದರು. ಅವರಿಗೆ ತೋರಿಸಿದರೆ ಸರಿತಪ್ಪು ಹೇಳುತ್ತಾರೆ ಎಂದ. ಸುಬ್ಬಮ್ಮ ಆಧಾರ್ ಕಾರ್ಡು ತೋರಿಸಿ ಬಿಟ್ಟಿ ಟಿಕೆಟ್ಟು ಹರಿಸಿಕೊಂಡು, ಮಡಿಲಲ್ಲಿ ಒಂದು ಡಜನ್ ರಸಬಾಳೆ ಇಟ್ಟುಕೊಂಡು ಕೆ.ಆರ್.ಪೇಟೆಗೆ ಹೋದಳು.

ಮೇಷ್ಟ್ರು ಬಾಳೆಹಣ್ಣು ಇಸಿದುಕೊಂಡು ಕಾಗದ ಓದಿದರು. ಓದಲು ಎರಡು ನಿಮಿಷ ಹಿಡಿಯಿತು, ಮಾತಾಡಲು ಒಂದು ಗಂಟೆ. ಇದರಲ್ಲಿ ಬದುಕಿಲ್ಲ, ಬರೀ ಕುತೂಹಲ ಇದೆ ಎಂದರು. ಹೆಣ್ಣುಮಗಳು ಬರೆದಮೇಲೆ ಅದರಲ್ಲಿ ಹೆಣ್ಣಿನ ನೋವು ಇರಬೇಕು, ಒಲೆಯ ಹೊಗೆ ಇರಬೇಕು, ಸೆರಗಿಗೆ ಒರೆಸಿಕೊಂಡ ಕಣ್ಣೀರಿರಬೇಕು ಎಂದರು. ಸುಬ್ಬಮ್ಮ ತಮ್ಮ ಮನೆಯಲ್ಲಿ ಗ್ಯಾಸು ಬಂದು ಮೂವತ್ತು ವರ್ಷವಾಯಿತು ಎಂದಳು. ಮೇಷ್ಟ್ರಿಗೆ ಅದು ಕೇಳಿಸಲಿಲ್ಲ. ಆದರೆ ಹೊರಡುವಾಗ ಅವರು ಕೇಳಿದ ಒಂದು ಮಾತು ಮಾತ್ರ ಅವಳ ಮೈಗೆ ಮುಳ್ಳಿನಂತೆ ಚುಚ್ಚಿಕೊಂಡಿತು.

"ಮೂರನೇ ಪ್ರಶ್ನೆಗೆ ಉತ್ತರವನ್ನೇ ಬರೆದಿಲ್ಲವಲ್ಲಮ್ಮ ನೀವು. ಗೂಢಚಾರರ ಕತೆ ಬರೆಯೋಕೆ ನೀವೇ ಯಾಕೆ ಬೇಕು? ನಿಮಗೇನು ಗೊತ್ತು ಅದರ ವಿಷಯ?"

ವಾಪಸು ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದರೂ ಅವಳು ಹೊರಗೆ ನೋಡಲಿಲ್ಲ. ಸಿಟ್ಟು ನೆತ್ತಿಗೇರಿತ್ತು. ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು ಎಂದು ತನ್ನೊಳಗೇ ಮೇಷ್ಟ್ರ ಜೊತೆ ಪಾಂಡವಪುರದವರೆಗೂ ಜಗಳವಾಡಿದಳು. ಮನೆಗೆ ಬಂದವಳು ಸೀರೆ ಕೂಡ ಬದಲಾಯಿಸದೆ ಕೂತು, ಒಂದೇ ಉಸಿರಿಗೆ ಹೊಸ ಕಾಗದ ಬರೆದಳು. ವೇದಾವತಿಗೆ ಆ ಮಾತು ಹೇಗೆ ಬರುತ್ತದೆ ಎಂಬುದನ್ನು ಮೊದಲ ಸಲ ಬಿಡಿಸಿ ಬರೆದಳು: ಒಂದು ಕಸುಬಿನ ಗಂಡಸರು ತಮ್ಮೊಳಗೆ ಆಡಿಕೊಳ್ಳುವ ಗುಟ್ಟಿನ ಮಾತೊಂದಿದೆ, ಅದನ್ನು ಅವಳು ಗೋಡೆಯ ಹಿಂದೆ ಕೂತು ವರ್ಷಗಟ್ಟಲೆ ಕೇಳಿ ಕಲಿತಿದ್ದಾಳೆ. ಯಾವ ಕಸುಬು ಎಂದು ಬರೆಯಲಿಲ್ಲ. ಅಷ್ಟು ಎಚ್ಚರ ಅವಳಿಗಿತ್ತು.

ಮಾರನೆಯ ದಿನ ರಾತ್ರಿ ಊಟದ ಹೊತ್ತಿಗೆ ಯಶಸ್ವಿನಿ ಅದನ್ನು ಓದಿದಳು. ಅರ್ಧಕ್ಕೆ ನಿಲ್ಲಿಸಿ ನಕ್ಕಳು.

"ಅತ್ತೆ, 'ವೇದಾವತಿ ಬೆಳ್ಳಕ್ಕಿಯಂತೆ ನಟಿಸುತ್ತ ಕೂರುತ್ತಾಳೆ' ಅಂತ ಬರೆದಿದೀರಲ್ಲ. ಬೆಳ್ಳಕ್ಕಿ ಥರ ಹೆಂಗೆ ನಟಿಸ್ತಾಳೆ, ಒಂಟಿ ಕಾಲಲ್ಲಿ ನಿಲ್ತಾಳಾ?"

ಸುರೇಂದ್ರ ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. ಅಪ್ಪನ ಮುಖ ನೋಡಿದ. ರಾಮಚಂದ್ರಾಚಾರಿ ಹೆಂಡತಿಯ ಮುಖ ನೋಡುತ್ತಿದ್ದ. ಸುಬ್ಬಮ್ಮನಿಗೆ ತಾನು ಮಾಡಿದ ಎಡವಟ್ಟು ಗೊತ್ತಾದದ್ದು ಆಗ. ಮೂವತ್ತೆಂಟು ವರ್ಷ ದಿನಾ ಕಿವಿಗೆ ಬಿದ್ದ ಮಾತದು. ಅದು ಲೋಕಕ್ಕೆಲ್ಲ ತಿಳಿಯುವ ಕನ್ನಡವಲ್ಲ ಎನ್ನುವುದೇ ಅವಳಿಗೆ ಮರೆತುಹೋಗಿತ್ತು.

"ಅವ್ವ, ಈ ಮಾತ ನಿಂಗೆ ಯಾರು ಯೋಳ್ಕೊಟ್ರು?" ಎಂದ ಸುರೇಂದ್ರ.

ಯಾರೂ ಹೇಳಿಕೊಟ್ಟಿರಲಿಲ್ಲ. ಆ ಮನೆತನದಲ್ಲಿ ಅದಕ್ಕೆ ಮರೆಮಾತು ಎನ್ನುತ್ತಿದ್ದರು. ಗಿರಾಕಿ ಎದುರಿಗೇ ಕೂತಿರುವಾಗ ಅಂಗಡಿಯವರು ತೂಕದ ಬಗ್ಗೆ, ಬಣ್ಣದ ಬಗ್ಗೆ, ಬಂದವನ ಬಗ್ಗೆ ತಮ್ಮತಮ್ಮಲ್ಲಿ ಆಡಿಕೊಳ್ಳುವುದಕ್ಕೆ ಅಜ್ಜನ ಕಾಲದಿಂದ ಕಟ್ಟಿಕೊಂಡು ಬಂದ ಮಾತು. ಬೆಳ್ಳಕ್ಕಿ ಎಂದರೆ ಚಿನ್ನದ ವಿಷಯ ಏನೂ ತಿಳಿಯದ, ಹೇಳಿದ್ದನ್ನು ನಂಬುವ ಗಿರಾಕಿ. ಗಂಡುಮಕ್ಕಳಿಗೆ ಹದಿನೆಂಟು ತುಂಬಿದಾಗ ಕಾಳಿಕಾಂಬೆಯ ಪಟದ ಮುಂದೆ ಕೂರಿಸಿ, ಆಣೆ ಮಾಡಿಸಿಕೊಂಡು ಕಲಿಸುತ್ತಿದ್ದರು. ಹೆಣ್ಣುಮಕ್ಕಳು ಬೇರೆ ಮನೆಗೆ ಹೋಗುವವರು, ಸೊಸೆಯರು ಬೇರೆ ಮನೆಯಿಂದ ಬಂದವರು, ಹಾಗಾಗಿ ಅವರಿಗೆ ಕಲಿಸುವ ಪ್ರಶ್ನೆಯೇ ಇರಲಿಲ್ಲ. ಸುಬ್ಬಮ್ಮ ಹೊಣಕೆರೆಯ ಮರಗೆಲಸದ ಮನೆಯ ಹೆಣ್ಣು. ಮದುವೆಯಾಗಿ ಬಂದ ಮೊದಲ ವರ್ಷ ಆ ಮಾತು ಕೇಳಿ, ಗಂಡನಿಗೂ ಮೈದುನನಿಗೂ ತಲೆ ಸರಿ ಇಲ್ಲವೇನೋ ಎಂದು ಹೆದರಿದ್ದಳು. ಆಮೇಲೆ ಒಂದೊಂದೇ ಮಾತನ್ನು ಬೇಳೆ ಆರಿಸಿದ ಹಾಗೆ ಆರಿಸಿ ಇಟ್ಟುಕೊಂಡಿದ್ದಳು.

"ಗ್ವಾಡೆ ಇಂದೆ ಕೂತ್ಕೊಂಡು ಕದ್ದು ಕೇಳಿಸ್ಕತಿದ್ಯಾ ಇಷ್ಟು ವರ್ಸ?" ಎಂದ ರಾಮಚಂದ್ರಾಚಾರಿ.

"ಕದಿಯೋದೇನು ಬಂತು? ಗ್ವಾಡೆ ನಾನು ಕಟ್ಟಿಸ್ದುದ್ದಾ? ನೀವು ಮಾತಾಡ್ತಿದ್ರಿ, ನಂಗೆ ಕಿವಿ ಇದ್ದೋ."

ಅವನು ಎದ್ದು ಹೋದ. ತಟ್ಟೆಯಲ್ಲಿ ಅರ್ಧ ಮುದ್ದೆ ಹಾಗೇ ಉಳಿಯಿತು. ಮಾರನೆಯ ದಿನದಿಂದ ಊಟ ಅಂಗಡಿಗೇ ಹೋಯಿತು. ಸುರೇಂದ್ರ ತಟ್ಟೆ ಒಯ್ಯುವುದು, ಖಾಲಿ ತಟ್ಟೆ ತರುವುದು. ಗೋಡೆಯ ಆಚೆ ಸುತ್ತಿಗೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅಪ್ಪ ಮಗ ಗಿರಾಕಿ ಎದುರು ಪಿಸುಗುಡಲೂ ಆಗದೆ, ಮರೆಮಾತು ಆಡಲೂ ಆಗದೆ, ಚೀಟಿಯಲ್ಲಿ ಬರೆದು ತೋರಿಸಿಕೊಳ್ಳುತ್ತಿದ್ದರು. ಸುಬ್ಬಮ್ಮನಿಗೆ ಒಂದು ಕಡೆ ನಗು, ಒಂದು ಕಡೆ ಸಿಟ್ಟು.

ಮಗನ ಕೈಲಿ ರಾಮಚಂದ್ರಾಚಾರಿ ಹೇಳಿ ಕಳಿಸಿದ್ದು ಇಷ್ಟು: ಬೆಳ್ಳಕ್ಕಿ ಹೋಗಬೇಕು, ಗುಟ್ಟಿನ ಮಾತು ಎಂಬುದೂ ಹೋಗಬೇಕು. ಹೀಗೊಂದು ಮಾತು ಇದೆ ಎಂದು ಊರಿಗೆ ಗೊತ್ತಾದರೆ ನಾಳೆ ಯಾವ ಗಿರಾಕಿ ನಮ್ಮ ಎದುರು ನಂಬಿಕೆಯಿಂದ ಕೂರುತ್ತಾನೆ? ಮೂಲೆಮೂಲೆಗೆ ಗಾಜಿನ ಬಾಗಿಲಿನ ದೊಡ್ಡ ದೊಡ್ಡ ಒಡವೆ ಅಂಗಡಿ ಬಂದಿವೆ. ನಮಗೆ ಉಳಿದಿರುವುದು ನಂಬಿಕೆ ಒಂದೇ. ಯಶಸ್ವಿನಿಗೆ ಇದು ಅನ್ಯಾಯ ಅನ್ನಿಸಿತು. ಗಂಡನ ಜೊತೆ ರೇಗಾಡಿದಳು, ನಿಮ್ಮ ಅಂಗಡಿ ಗುಟ್ಟು ಮೈಸೂರಿನವರಿಗೆ ಯಾಕೆ ಬೇಕಂತೆ ಎಂದಳು. ಸುರೇಂದ್ರ ನಡುವೆ ಸಿಕ್ಕಿ ಎರಡೂ ಕಡೆ ಬೈಸಿಕೊಂಡ.

ಸುಬ್ಬಮ್ಮ ಗುಟ್ಟಿನ ಮಾತನ್ನು ತೆಗೆದು ಬರೆದು ನೋಡಿದಳು. ವೇದಾವತಿ ಬುದ್ಧಿವಂತೆ ಎಂದು ಬರೆದಳು, ಧೈರ್ಯವಂತೆ ಎಂದು ಬರೆದಳು. ಓದಿಕೊಂಡರೆ ಮೇಷ್ಟ್ರು ಹೇಳಿದ್ದೇ ನಿಜವಾಗಿತ್ತು, ಅದರಲ್ಲಿ ಬದುಕೇ ಇರಲಿಲ್ಲ. ಮೂರನೆಯ ಪ್ರಶ್ನೆಗೆ ಉತ್ತರ ಅವಳಲ್ಲಿ ಒಂದೇ ಇತ್ತು, ಅದನ್ನು ಬರೆಯಕೂಡದು. ಬರೆದರೆ ಮನೆ ಎರಡಾಗುತ್ತದೆ, ಬರೆಯದಿದ್ದರೆ ಮೂರು ವರ್ಷದ ಕೆಲಸ ಪೆಟ್ಟಿಗೆಯಲ್ಲೇ ಕೊಳೆಯುತ್ತದೆ. ಗಡುವಿಗೆ ನಾಲ್ಕು ದಿನ ಉಳಿದಿತ್ತು.

ಭಾನುವಾರ ಅಂಗಡಿಗೆ ರಜ. ತಟ್ಟೆ ಒಯ್ಯಲು ನೆಪವಿಲ್ಲದೆ ರಾಮಚಂದ್ರಾಚಾರಿ ಒಳಗೇ ಬಂದು ಊಟಕ್ಕೆ ಕೂತ. ಹುರುಳಿಕಾಳಿನ ಬಸ್ಸಾರು, ಬಿಸಿ ಮುದ್ದೆ. ಅವನೇ ಕೊನೆಗೆ, ಕಾಗದ ಕಳಿಸಿದಳಾ ಎಂದು ಮಗನ ಕಡೆ ತಿರುಗಿ ಕೇಳಿದ. ಇಲ್ಲ ಎಂದಳು ಸುಬ್ಬಮ್ಮ. ಗಿರಾಕಿಯ ನಂಬಿಕೆ ಎನ್ನುವುದು ಒಂದು ಸಲ ಹೋದರೆ ಬರುವುದಿಲ್ಲ ಎಂದು ಅವನು ಮತ್ತೆ ಶುರುಮಾಡಿದ. ಅವಳ ತಾಳ್ಮೆ ಅಲ್ಲಿಗೆ ಕಿತ್ತುಹೋಯಿತು.

"ನಂಬ್ಕೆ ಮಾತ ನೀವು ಆಡ್ಬ್ಯಾಡಿ. ನಮ್ಮಣ್ಣನ್ನೇ ಬೆಳ್ಳಕ್ಕಿ ಅಂದ್ರಿ. ಅವ್ನ್ ಚಿನ್ನಕ್ಕೇ ನೀರಾಕ್ಸುದ್ರಿ."

ಇಪ್ಪತ್ತೆರಡು ವರ್ಷದ ಹಿಂದಿನ ಮಾತು ಅದು. ಅವಳ ಅಣ್ಣ ಚಿಕ್ಕಯ್ಯಾಚಾರಿ ದೊಡ್ಡ ಮಗಳು ಅರ್ಪಿತಳ ಮದುವೆಗೆಂದು, ತಾಯಿಯ ಕಾಲದ ಚಿನ್ನದ ಗುಂಡುಗಳನ್ನು ತಂದು ಓಲೆ ಜುಮುಕಿ ಮಾಡಿಕೊಡಲು ಕೇಳಿದ್ದ. ಸುಬ್ಬಮ್ಮ ಅಣ್ಣನಿಗೆ ಕಾಫಿ ತಂದು ಕೊಡುತ್ತಿದ್ದಾಗ, ಅವಳ ಎದುರಿಗೇ, ರಾಮಚಂದ್ರಾಚಾರಿ ತನ್ನ ತಮ್ಮನಿಗೆ ಹೇಳಿದ್ದ: ಬೆಳ್ಳಕ್ಕಿ, ಎರಡು ನೀರು ಹಾಕು. ಆ ತಮ್ಮ ಈಗಿಲ್ಲ, ಮಾತು ಮಾತ್ರ ಅವಳ ಕಿವಿಯಲ್ಲಿ ಹಾಗೇ ಉಳಿದಿತ್ತು. ಹಾಲಿಗೆ ನೀರು ಹಾಕುವುದೆಂದರೆ ಏನೆಂದು ಯಾರಿಗೆ ಗೊತ್ತಿಲ್ಲ? ಚಿನ್ನಕ್ಕೆ ನೀರು ಎಂದರೆ ತಾಮ್ರ. ಒಡಹುಟ್ಟಿದವನ ಚಿನ್ನದಲ್ಲಿ ಕೈಹಿಡಿದವನು ಕದ್ದ. ಅವತ್ತಿನಿಂದ ಸುಬ್ಬಮ್ಮ ಗಂಡನ ಕೈಯಲ್ಲಿ ಒಂದು ಮೂಗುಬೊಟ್ಟನ್ನೂ ಮಾಡಿಸಿಕೊಂಡಿರಲಿಲ್ಲ.

ರಾಮಚಂದ್ರಾಚಾರಿ ಬಾಯಿ ತೆರೆಯುವ ಮುಂಚೆ ಸುರೇಂದ್ರನೇ ಮಾತಾಡಿದ. ಈ ಕತೆ ಅವನಿಗೆ ಗೊತ್ತೇ ಇರಲಿಲ್ಲ, ತಾಯಿ ಮಾತಿನಲ್ಲಿ ತಪ್ಪಿದ್ದಾಳೆ ಎಂಬುದಷ್ಟೇ ಅವನಿಗೆ ಕಂಡದ್ದು.

"ನೀರಾಕೋದು ಅಂದ್ರೆ ತಾಮ್ರ ಬೆರ್ಸೋದಲ್ಲ ಕಣವ್ವ. ಬಂದೋರ ಚಿನ್ನ ಸಾಲ್ದೆ ಇದ್ರೆ ಅವ್ರಿಗೆ ಗೊತ್ತಾಗ್ದಂಗೆ ನಮ್ದ್ರಲ್ಲಿ ಸೇರ್ಸೋದು. ಮನೆಗ್ ಬಂದೋರಿಗೆ ನೀರ್ ಕೊಡಾಕಿಲ್ವಾ, ಅಂಗೆ. ಅದ್ಕೆ ಲೆಕ್ಕ ಮಡಗಂಗಿಲ್ಲ. ತಾಮ್ರಕ್ಕೆ ಬ್ಯಾರೆ ಮಾತದೆ…" ಎಂದವನು ಅಪ್ಪನ ಕಣ್ಣು ನೋಡಿ ಅಲ್ಲಿಗೆ ನಿಲ್ಲಿಸಿದ.

ಸುಬ್ಬಮ್ಮ ಆ ಮಾತನ್ನು ಮೂವತ್ತೆಂಟು ವರ್ಷದಲ್ಲಿ ಮೂರು ಸಲವೋ ನಾಲ್ಕು ಸಲವೋ ಕೇಳಿದ್ದಳು. ಅಷ್ಟು ಅಪರೂಪಕ್ಕೆ ಆಡುವ ಮಾತು. ಹೋಲಿಸಿ ನೋಡಲು ಅವಳಿಗೆ ಬೇರೆ ದಾರಿ ಇರಲಿಲ್ಲ, ಯಾರನ್ನಾದರೂ ಕೇಳೋಣವೆಂದರೆ ತನಗೆ ಗೊತ್ತಿದೆ ಎಂದು ಒಪ್ಪಿಕೊಳ್ಳಬೇಕಿತ್ತು.

"ನಿಮ್ಮವ್ವನ್ ಗುಂಡು ಕರಗ್ಸುದ್ರೆ ಎರಡು ಗ್ರಾಮು ಕಮ್ಮಿ ಬೀಳ್ತಿದ್ದೋ" ಎಂದ ರಾಮಚಂದ್ರಾಚಾರಿ, ಮುದ್ದೆಯನ್ನು ಮುಟ್ಟದೆ. "ಬಾವ ಮರ್ವಾದಸ್ತ. ಬಾಯ್ಬುಟ್ಟು ಯೋಳಿದ್ರೆ ಈಸ್ಕತಿರ್ನಿಲ್ಲ." ಆಮೇಲೆ ತಟ್ಟೆ ನೋಡಿಕೊಂಡೇ ಕೇಳಿದ. "ಅದ್ಕೇಯಾ ಬಾವ ಆಮ್ಯಾಕೆ ನಮ್ಮನೆ ಮೆಟ್ಲು ತುಳೀದೆ ಓಗಿದ್ದು? ಯೇನ್ ಯೋಳ್ದೆ ಅವಂಗೆ?"

ಆಗ ನಡೆದದ್ದು ಇಷ್ಟು. ಚಿಕ್ಕಯ್ಯ ಜುಮುಕಿ ತೆಗೆದುಕೊಂಡು ಹೊರಟಾಗ ಅವಳು ಬಸ್‌ಸ್ಟ್ಯಾಂಡಿನವರೆಗೂ ಹೋಗಿದ್ದಳು. ಚಿಕ್ಕ ಮಗಳದ್ದನ್ನು ಇಲ್ಲಿಗೆ ತರಬೇಡ, ಮೈಸೂರಿನಲ್ಲಿ ಮಾಡಿಸು ಎಂದಿದ್ದಳು. ಯಾಕೆ ಎಂದು ಅಣ್ಣ ಕೇಳಿದ. ಗಂಡ ಕಳ್ಳ ಎಂದು ಹೇಳಲಾರದೆ, ನೀನು ಇಲ್ಲಿಗೆ ಬರುವುದು ಅವರಿಗೆ ಇಷ್ಟವಿಲ್ಲ ಎಂದುಬಿಟ್ಟಿದ್ದಳು. ಚಿಕ್ಕಯ್ಯ ಮತ್ತೊಂದು ಮಾತು ಕೇಳಲಿಲ್ಲ, ಮತ್ತೊಂದು ಸಲ ಬರಲೂ ಇಲ್ಲ. ಮದುವೆ ಮುಂಜಿಗಳಲ್ಲಿ ಸಿಕ್ಕರೆ ದೂರದಿಂದ ಚೆನ್ನಾಗಿದ್ದೀಯಾ ಎನ್ನುತ್ತಿದ್ದ. ರಾಮಚಂದ್ರಾಚಾರಿ ಚಿಕ್ಕ ಹುಡುಗಿಯ ಮದುವೆಗೆಂದು ಒಳ್ಳೆಯ ಕೆಂಪು ಹರಳು ಆರಿಸಿ ಇಟ್ಟುಕೊಂಡು ಕಾದ. ತಾನೇನು ತಪ್ಪು ಮಾಡಿದೆನೋ ಎಂದು ಅವನೂ ಕೇಳಲಿಲ್ಲ, ಅಣ್ಣನ ಮನೆಯವರೂ ಹೇಳಲಿಲ್ಲ.

ಅದನ್ನೆಲ್ಲ ಸುಬ್ಬಮ್ಮ ಕೊನೆಗೆ ಹೇಳಿದಳು, ತಡವರಿಸಿಕೊಂಡು, ಯಾರ ಮುಖವನ್ನೂ ನೋಡದೆ. ನಿಜ ಹೇಳಬೇಕೆಂದರೆ, ಮಗ ಆ ಮಾತಿನ ಅರ್ಥ ಬಿಡಿಸಿದಾಗ ಅವಳಿಗೆ ಮೊದಲು ನೆನಪಾದದ್ದು ಅಣ್ಣನಲ್ಲ, ನಾಲ್ಕನೆಯ ನೋಟ್‌ಬುಕ್ಕು. ಅದರಲ್ಲಿ ಸೆರೆಯಲ್ಲಿರುವವನೊಬ್ಬ, ನಾಳೆ ಬರುವ ಬೆಳ್ಳಕ್ಕಿಗೆ ನೀರು ಹಾಕು ಎನ್ನುತ್ತಾನೆ. ಬರುವವನಿಗೆ ಮೋಸ ಮಾಡಲು ಹೊರಟಿದ್ದಾರೆ ಎಂದು ವೇದಾವತಿ ಅರ್ಥ ಹೇಳುತ್ತಾಳೆ, ಆ ಒಂದು ಮಾತಿನ ಮೇಲೆ ಇಬ್ಬರಿಗೂ ಶಿಕ್ಷೆಯಾಗುತ್ತದೆ, ವೇದಾವತಿಗೆ ಹಾರ ಹಾಕುತ್ತಾರೆ. ಎಂಟುನೂರು ಪುಟವೂ ಆ ಹಾರಕ್ಕಾಗಿ ಬರೆದದ್ದು. ಈಗ ಹಾರ ಹಾಕಿಸಿಕೊಂಡವಳೇ ತಪ್ಪಿತಸ್ಥೆ, ಕಾದಂಬರಿಯನ್ನೇ ಮೊದಲಿಂದ ಬರೆಯಬೇಕು. ಇದು ಮೊದಲು ಹೊಳೆದು ಅಣ್ಣ ಆಮೇಲೆ ನೆನಪಾದನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಎರಡು ದಿನ ಅವಳು ಪೆನ್ನು ಮುಟ್ಟಲಿಲ್ಲ. ಅಡುಗೆ ಮಾಡಿದಳು, ಬಟ್ಟೆ ಒಗೆದಳು, ಯಾರು ಮಾತಾಡಿಸಿದರೂ ಹರಿಹಾಯ್ದಳು. ಯಶಸ್ವಿನಿ ಅವಳ ತಂಟೆಗೆ ಹೋಗಲಿಲ್ಲ. ಗಡುವಿನ ಹಿಂದಿನ ದಿನ ಮಧ್ಯಾಹ್ನ ಸುಬ್ಬಮ್ಮ ಗೋ‍ಡೆಗೆ ಒರಗಿ ಕೂತು, ಅಳಿಸದೆ, ತಿದ್ದದೆ ಒಂದು ಪುಟ ಬರೆದು, ರಾತ್ರಿ ಗಂಡನ ಊಟದ ತಟ್ಟೆಯ ಪಕ್ಕದಲ್ಲಿ ಇಟ್ಟಳು. ತಿಂಗಳಿಂದ ಊರೆಲ್ಲರ ಅಭಿಪ್ರಾಯ ಕೇಳಿದ್ದವಳು ಅವನನ್ನು ಕೇಳಿದ್ದು ಇದೇ ಮೊದಲು. ಅವನು ಕೆಲಸದ ಕನ್ನಡಕ ತರಿಸಿಕೊಂಡು, ಒಡವೆಯ ಬೆಸುಗೆ ನೋಡುವ ಹಾಗೆ ಒಂದೊಂದೇ ಸಾಲನ್ನು ಓದಿದ. ಒಂದು ಕಡೆ 'ಚಿನ್ನ' ಎಂದಿತ್ತು, ಅದನ್ನು ತೆಗೆದು 'ಕಸುಬು' ಎಂದು ಮಾಡು ಎಂದ. ಬೇರೆ ಯಾವುದಕ್ಕೂ ಬೇಡ ಎನ್ನಲಿಲ್ಲ.

"ಆದ್ರೆ ಬಾವಂಗೆ ಓದಿ ಯೋಳ್ದೆ ಇದ್ನ ಕಳಿಸ್ಬ್ಯಾಡ" ಎಂದು ಕನ್ನಡಕ ತೆಗೆದ.

ಅವಳಿಗೆ ಅಳುವಷ್ಟು ಕೋಪ ಬಂತು. ನಾಳೆ ಸಂಜೆ ಐದಕ್ಕೆ ಗಡುವು, ಅಣ್ಣ ಇರುವುದು ಹೊಣಕೆರೆಯಲ್ಲಿ. ಫೋನಿನಲ್ಲಿ ಓದುತ್ತೇನೆ ಎಂದರೆ ಅವನು ಒಪ್ಪಲಿಲ್ಲ. ಒಪ್ಪದೆ ಇದ್ದದ್ದು ಸರಿ ಎಂದು ಅವಳಿಗೂ ಗೊತ್ತಿತ್ತು, ಅದಕ್ಕೇ ಇನ್ನಷ್ಟು ಕೋಪ. ಯಶಸ್ವಿನಿ ಕಾಗದವನ್ನು ಟೈಪು ಮಾಡಿ ಇಟ್ಟುಕೊಂಡಳು. ನಾಳೆ ನೀವು ಫೋನಿನಲ್ಲಿ ಹೂಂ ಅಂದ ತಕ್ಷಣ ಕಾಲೇಜಿನಿಂದ ಕಳಿಸುತ್ತೇನೆ, ಅನ್ನದಿದ್ದರೆ ಇಲ್ಲ ಎಂದಳು.

ಬೆಳಿಗ್ಗೆ ಹೊರಟ ಸುಬ್ಬಮ್ಮನಿಗೆ ನಾಗಮಂಗಲದ ಬಸ್ಸು ತಡವಾಯಿತು, ಅಲ್ಲಿಂದ ಹೊಣಕೆರೆಯ ಬಸ್ಸು ಕೆಟ್ಟು ನಿಂತಿತು. ಅಣ್ಣನ ಮನೆ ಬಾಗಿಲಿಗೆ ಬಂದಾಗ ನಾಲ್ಕೂಕಾಲು. ಚಿಕ್ಕಯ್ಯಾಚಾರಿ ಜಗಲಿಯ ಮೇಲೆ ಕೂತು ಕಿಟಕಿಯ ಪಟ್ಟಿಯೊಂದನ್ನು ಹೆರೆಯುತ್ತಿದ್ದ. ಎಪ್ಪತ್ತು ದಾಟಿದ್ದರೂ ಕೈ ನಿಂತಿರಲಿಲ್ಲ, ಕಣ್ಣು ಮಾತ್ರ ಮಂಜಾಗಿತ್ತು. ತಂಗಿಯನ್ನು ದನಿಯಿಂದ ಗುರುತಿಸಿದ. ಅತ್ತಿಗೆ ಪುಟ್ಟತಾಯಮ್ಮ ಒಳಗಿನಿಂದ ಮಜ್ಜಿಗೆ ತಂದುಕೊಟ್ಟು, ಮನೆಯಲ್ಲಿ ಎಲ್ಲ ಚೆನ್ನಾಗಿದ್ದಾರಾ ಎಂದು ಹೆದರಿಕೊಂಡೇ ಕೇಳಿದಳು. ಇಷ್ಟು ವರ್ಷಕ್ಕೆ ಹೇಳದೆ ಕೇಳದೆ ಬಂದರೆ ಯಾರಾದರೂ ಹೆದರುವುದೇ.

ಸುಬ್ಬಮ್ಮ ಒಂದು ಕಾಗದ ಓದಬೇಕು, ಕೇಳು ಎಂದಳು. ಯಾವ ಅರ್ಜಿ ಎಂದು ಅಣ್ಣ ಕೇಳಿದ. ಅರ್ಜಿಯಲ್ಲ ಎಂದು ಅವಳು ಓದಿದಳು. ಒಂದು ಮನೆಯ ಗಂಡಸರು ಹೆಂಗಸರಿಗೆ ತಿಳಿಯಬಾರದೆಂದು ಆಡುವ ಮಾತನ್ನು ಒಬ್ಬ ಹೆಂಗಸು ಗೋಡೆಯ ಹಿಂದೆ ಕೂತು ಕಲಿತಳು. ಎಲ್ಲ ಸರಿಯಾಗಿ ಕಲಿತಳು, ಒಂದು ಮಾತನ್ನು ಬಿಟ್ಟು. ಪೊಲೀಸರು ಅವಳನ್ನು ಕರೆದು ಅರ್ಥ ಕೇಳಿದಾಗ ಆ ಒಂದು ಮಾತನ್ನೇ ಅವಳು ತಪ್ಪಾಗಿ ಹೇಳಿದಳು, ಏನೂ ಮಾಡದವನೊಬ್ಬ ಸೆರೆಮನೆ ಸೇರಿದ. ಈ ಕಾದಂಬರಿ ಅವಳಿಗೆ ತನ್ನ ತಪ್ಪು ಗೊತ್ತಾದ ದಿನದಿಂದ ಶುರುವಾಗುತ್ತದೆ. ನೀವು ಯಾರು, ನೀವೇ ಏಕೆ ಬರೆಯಬೇಕು ಎಂದು ಕೇಳಿದ್ದೀರಿ. ಕಸುಬಿನ ಮನೆಯೊಂದರಲ್ಲಿ ಮೂವತ್ತೆಂಟು ವರ್ಷ ಗೋಡೆಯ ಹಿಂದೆ ಕೂತವಳು ನಾನೇ. ನಾನು ತಪ್ಪು ತಿಳಿದದ್ದೂ ಒಂದೇ ಮಾತು. ಅದಕ್ಕೆ ಶಿಕ್ಷೆ ಅನುಭವಿಸಿದವನು ನನ್ನ ಅಣ್ಣ. ಯಾರೂ ಹೇಳದ ಮಾತನ್ನು ಹೇಳಿದರು ಎಂದು ನಾನು ಅವನಿಗೆ ಹೇಳಿದೆ. ಇಪ್ಪತ್ತೆರಡು ವರ್ಷದಿಂದ ಅವನು ನಮ್ಮ ಮನೆಗೆ ಬಂದಿಲ್ಲ.

ಓದಿ ಮುಗಿದ ಮೇಲೆ ಚಿಕ್ಕಯ್ಯ ಪಟ್ಟಿಯ ಮೇಲಿನ ಹೊಟ್ಟನ್ನು ಅಂಗೈಯಿಂದ ಸವರಿ ತೆಗೆದ. ಮತ್ತೊಮ್ಮೆ ಸವರಿದ. ಚೀಲದಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಯಶಸ್ವಿನಿಯದೇ ಎಂದು ಸುಬ್ಬಮ್ಮನಿಗೆ ಗೊತ್ತು. ಗೋಡೆ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷವಿತ್ತು.

"ಅಂಗಾರೆ, ನಾನ್ ಬರಾದು ಇಷ್ಟ ಇಲ್ಲ ಅಂತ ಬಾವ ಅಂದಿರ್ನಿಲ್ವಾ?"

"ಇಲ್ಲ ಕಣಣ್ಣ. ಅವ್ರು ಅಂದಿರ್ನಿಲ್ಲ. ನಾನೇ ಅಂದಿದ್ದು."

ಪುಟ್ಟತಾಯಮ್ಮ ಬಾಗಿಲಲ್ಲಿ ನಿಂತು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಚಿಕ್ಕಯ್ಯ ತಂಗಿ ಇರುವ ಕಡೆಗೆ ಮುಖ ಮಾಡಿದ.

"ಇನ್ನೊಂದ್ ಕಿತ ಓದು. ಮೊದ್ಲಿಂದ."

ಇದು ಐದು ಗಂಟೆಯೊಳಗೆ ಹೋಗಬೇಕು, ಸೊಸೆ ಕಾಯುತ್ತಿದ್ದಾಳೆ, ಒಂದು ಮಾತು ಹೇಳಿಬಿಡುತ್ತೇನೆ ಎಂದು ಸುಬ್ಬಮ್ಮ ಚೀಲಕ್ಕೆ ಕೈ ಹಾಕಿದಳು.

"ನಾನು ಇಪ್ಪತ್ತೆರಡು ವರ್ಸ ಕಾದಿವ್ನಿ" ಎಂದ ಚಿಕ್ಕಯ್ಯ. "ಅದೂ ಒಸಿ ಕಾಯ್ಲಿ."

ಅವಳು ಕೈ ಹಿಂದಕ್ಕೆ ತೆಗೆದಳು. ಕಾಗದವನ್ನು ಬೆಳಕಿಗೆ ತಿರುಗಿಸಿಕೊಂಡು ಮೊದಲ ಸಾಲಿನಿಂದ ಓದತೊಡಗಿದಳು. ಫೋನು ನಿಂತು, ಮತ್ತೆ ಹೊಡೆದುಕೊಳ್ಳಲು ಶುರುವಾಯಿತು.